ತಿಂಗಳ ಪಗಾರವನ್ನು ವಾರದ ಪಗಾರ ಮಾಡಿಕೊಳ್ಳುವುದು ಹೇಗೆ?

ಬಾಗಲಕೋಟೆ ನವನಗರದ ಒಂದು ಕಚೇರಿಯಲ್ಲಿ ನಾನು ಹದಿನಾಲ್ಕು ವರ್ಷ ಪಗಾರ ಬಿಲ್ ಮಾಡಿದವನು. 1ನೇ ತಾರೀಖು ಬೆಳಗಾದರೆ ಸಾಕು, ಫೋನು ಶುರು. “ಸರ, ಪಗಾರ ಆತೇನ್ರಿ?” ಅದೇ ಜನ 20ನೇ ತಾರೀಖು ದಾಟಿದ ಮೇಲೆ ನನ್ನ ಟೇಬಲ್ ಹತ್ತಿರ ಬಂದು ದನಿ ಇಳಿಸಿ ಕೇಳುತ್ತಿದ್ದರು, “ಸರ, ಒಂದ್ ಎರಡ್ ಸಾವಿರ ಕೈಗಡ ಸಿಗತೈತೇನ್ರಿ?”

ಇವರೇನು ಕುಡಿದು ಜೂಜಾಡಿ ಕಳೆದವರಲ್ಲ. ಪಗಾರವೂ ತೀರಾ ಕಡಿಮೆ ಇಲ್ಲ. ಏಳನೇ ವೇತನ ಆಯೋಗದ ಶ್ರೇಣಿ 2024ರ ಆಗಸ್ಟ್ 1ರಿಂದ ಜಾರಿಯಾದ ಮೇಲೆ ರಾಜ್ಯ ಸರ್ಕಾರಿ ನೌಕರನ ಕನಿಷ್ಠ ಮೂಲ ವೇತನ 17,000ದಿಂದ 27,000 ರೂಪಾಯಿಗೆ ಏರಿದೆ. ತೊಂದರೆ ಇರುವುದು ತಿಂಗಳ ಉದ್ದದಲ್ಲಿ. ದುಡ್ಡು ಒಂದೇ ದಿನ ಬರುತ್ತದೆ, ಹಾಲು, ತರಕಾರಿ, ಪೆಟ್ರೋಲ್ ಮೂವತ್ತು ದಿನ ಹೋಗುತ್ತವೆ. ಮೊದಲ ವಾರ ನಾವೆಲ್ಲ ಸಾಹುಕಾರರು, ಕೊನೆಯ ವಾರ ಸಾಲಗಾರರು.

ಹಾಗಾದರೆ ಪಗಾರವನ್ನೇ ತಿಂಗಳಿಗೆ ಎರಡು ಸಲ ಕೊಡಬಾರದೇ? ಈ ಮಾತು ಆಗಾಗ ಏಳುತ್ತದೆ. ಅಮೆರಿಕದ ಕೇಂದ್ರ ಸರ್ಕಾರಿ ನೌಕರರಿಗೆ ಎರಡು ವಾರಕ್ಕೊಮ್ಮೆ, ಅಂದರೆ ಸಾಮಾನ್ಯವಾಗಿ ವರ್ಷಕ್ಕೆ 26 ಸಲ ಸಂಬಳ. ಆಸ್ಟ್ರೇಲಿಯಾದ ಸರ್ಕಾರಿ ಸೇವೆಯಲ್ಲೂ ಹದಿನೈದು ದಿನದ ಲೆಕ್ಕವೇ. ನಮ್ಮ ದೇಶದಲ್ಲಿ ರಾಜಸ್ಥಾನ ಸರ್ಕಾರ 2023ರ ಜೂನ್‌ನಲ್ಲಿ, ದುಡಿದ ದಿನಗಳ ಪಗಾರದಲ್ಲಿ ಒಂದು ಭಾಗವನ್ನು ತಿಂಗಳ ನಡುವೆಯೇ ಪಡೆಯುವ ವ್ಯವಸ್ಥೆ ತಂದಿತು. ನಮ್ಮಲ್ಲಿ ಹಾಗಾಗಬೇಕು ಅಂದರೆ ಆರ್ಥಿಕ ಇಲಾಖೆ ಆದೇಶ ಹೊರಡಿಸಬೇಕು. ನಿಮ್ಮ ಡಿಡಿಒ (ಕಚೇರಿಯ ಪಗಾರ ಬಿಲ್ಲಿಗೆ ಸಹಿ ಹಾಕುವ ಅಧಿಕಾರಿ) ಕೈಯಲ್ಲಿ ಅದಿಲ್ಲ, ಜಿಲ್ಲಾ ಖಜಾನೆ ಅಧಿಕಾರಿ ಕೈಯಲ್ಲೂ ಇಲ್ಲ. ಮನವಿ ಹೇಗೆ ಕೊಡಬೇಕು ಅನ್ನುವುದನ್ನು ಕೊನೆಗೆ ಹೇಳುತ್ತೇನೆ. ಅಲ್ಲಿಯವರೆಗೆ ನಿಮ್ಮ ಮನೆಯಲ್ಲೇ ಒಂದು ಸಣ್ಣ ಖಜಾನೆ ತೆರೆದು, ತಿಂಗಳ ಪಗಾರವನ್ನು ವಾರಕ್ಕೊಮ್ಮೆ ಬಟವಾಡೆ ಮಾಡಬಹುದು. ಅದಕ್ಕೆ ಯಾರ ಸಹಿಯೂ ಬೇಡ. ಒಂದು ಭಾನುವಾರ ಮಧ್ಯಾಹ್ನ ಸಾಕು.

ಹಂತ 1: ನಿಮ್ಮ ಪಗಾರ ನಿಜವಾಗಿ ಯಾವ ದಿನ ಬರುತ್ತದೆ?

ಬ್ಯಾಂಕ್ ಪಾಸ್‌ಬುಕ್ ತೆಗೆದು ಹಿಂದಿನ ಹನ್ನೆರಡು ತಿಂಗಳು ಪಗಾರ ಜಮೆಯಾದ ತಾರೀಖುಗಳನ್ನು ಬರೆದುಕೊಳ್ಳಿ. “1ಕ್ಕೆ ಬರತೈತಿ” ಎಂದು ಎಲ್ಲರೂ ಹೇಳುತ್ತಾರೆ. ಬರೆದು ನೋಡಿದರೆ 1, 3, 2, 7, 4 ಹೀಗಿರುತ್ತದೆ.

ಯಾಕೆ ಹೀಗೆ? ಬಿಲ್ ನಡೆಯುವ ದಾರಿ ನೋಡಿ. ವಿಷಯ ನಿರ್ವಾಹಕರು (ಬಿಲ್ ಮಾಡುವ ಗುಮಾಸ್ತರು) ನೌಕರರ ಸೇವಾ ವಿವರಗಳ ತಂತ್ರಾಂಶ ಎಚ್‌ಆರ್‌ಎಂಎಸ್‌ನಲ್ಲಿ ಹಾಜರಿ, ರಜೆ, ಕಟಾವಣೆ ಎಲ್ಲ ಹಾಕಿ ಬಿಲ್ ಎಬ್ಬಿಸುತ್ತಾರೆ. ಡಿಡಿಒ ಅದನ್ನು ಒಪ್ಪಿ, ಖಜಾನೆ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಾದ ಖಜಾನೆ-2ಕ್ಕೆ ಕಳಿಸುತ್ತಾರೆ. ಜಿಲ್ಲಾ ಖಜಾನೆಯಲ್ಲೋ ತಾಲೂಕಿನ ಉಪಖಜಾನೆಯಲ್ಲೋ ಪಾಸಾದ ಮೇಲೆ ರಿಸರ್ವ್ ಬ್ಯಾಂಕಿನ ವ್ಯವಸ್ಥೆಯ ಮೂಲಕ ನಿಮ್ಮ ಖಾತೆಗೆ ಬರುತ್ತದೆ. ಇದರಲ್ಲಿ ಒಂದು ಕೊಂಡಿ ಜಗ್ಗಿದರೂ ಎರಡು ದಿನ ಹೋಯಿತು. ಡಿಡಿಒ ವರ್ಗವಾಗಿ ಹೊಸಬರ ಡಿಜಿಟಲ್ ಸಹಿ ಇನ್ನೂ ಬಂದಿಲ್ಲ ಅಂದರೆ ವಾರವೇ ಹೋದೀತು. ಪಗಾರದ ಲೆಕ್ಕಶೀರ್ಷಿಕೆಯಲ್ಲಿ (ಬಜೆಟ್ಟಿನಲ್ಲಿ ಆ ಖರ್ಚಿಗೆಂದು ಇಟ್ಟ ಬಾಬ್ತಿನಲ್ಲಿ) ಅನುದಾನ ಮುಗಿದಿದ್ದರಂತೂ ಬಿಲ್ ತಯಾರಿದ್ದರೂ ಕಾಯಬೇಕು. ತಾಲೂಕು ಪಂಚಾಯಿತಿ ಲೆಕ್ಕಶೀರ್ಷಿಕೆಯಲ್ಲಿ ಪಗಾರ ತೆಗೆದುಕೊಳ್ಳುವ ಶಿಕ್ಷಕರಿಗೆ ಇದು ಚೆನ್ನಾಗಿ ಗೊತ್ತು.

ಹನ್ನೆರಡು ತಾರೀಖುಗಳಲ್ಲಿ ಅತಿ ತಡವಾದದ್ದನ್ನು ಗುರುತು ಮಾಡಿ. ನಿಮ್ಮ ಲೆಕ್ಕಕ್ಕೆ ಅದೇ ಪಗಾರದ ದಿನ.

ಹಂತ 2: ಕಂತುಗಳ ತಾರೀಖು ಸರಿಸಿ

ಮನೆ ಸಾಲದ ಕಂತು 2ಕ್ಕೆ, ಪಗಾರ 4ಕ್ಕೆ ಬಂದರೆ ಏನಾಗುತ್ತದೆ? ಕಂತು ಬೌನ್ಸ್, ಮೇಲೆ ದಂಡ. ನನಗೇ ಹೀಗೆ ಒಂದೇ ವರ್ಷ ಮೂರು ಸಲ ಆಗಿತ್ತು. ಪಗಾರ ಬಿಲ್ ಮಾಡುವವನ ಕಂತೇ ಬೌನ್ಸ್! ಮ್ಯಾನೇಜರ್ ನಕ್ಕರು, ನಾನು ನಗಲಿಲ್ಲ.

2021ರ ಆಗಸ್ಟ್‌ನಿಂದ ಈ ತಾನಾಗಿ ಕಟ್ ಆಗುವ ವ್ಯವಸ್ಥೆ ಭಾನುವಾರ, ಹಬ್ಬ ಎನ್ನದೆ ಎಲ್ಲ ದಿನವೂ ನಡೆಯುತ್ತದೆ. ಮೊದಲಿನ ಹಾಗೆ “ಇವತ್ತು ರಜೆ, ನಾಳೆ ಕಟ್ ಆಗತೈತಿ” ಅನ್ನುವ ಆಸರೆ ಈಗಿಲ್ಲ. ಸಾಲ ಕೊಟ್ಟ ಬ್ಯಾಂಕಿಗೆ ಹೋಗಿ ಕಂತಿನ ತಾರೀಖನ್ನು 7 ಅಥವಾ 10ಕ್ಕೆ ಹಾಕಿಕೊಡಿ ಎಂದು ಬರೆದು ಕೊಡಿ. ಬಹಳಷ್ಟು ಕಡೆ ಮಾಡಿಕೊಡುತ್ತಾರೆ. ನಡುವಿನ ದಿನಗಳಿಗೆ ಸ್ವಲ್ಪ ಬಡ್ಡಿ ಬೀಳಬಹುದು, ಕೇಳಿಕೊಳ್ಳಿ. ಬೌನ್ಸ್ ದಂಡದ ಜೊತೆ ಹೋಲಿಸಿ ನೋಡಿ.

ಹಂತ 3: ವಾರದ ಮೊತ್ತ ಎಷ್ಟು?

ಇಡೀ ಕೆಲಸದ ಜೀವ ಇಲ್ಲಿದೆ. ಸ್ವಲ್ಪ ನಿಧಾನವಾಗಿ ಓದಿ.

ಒಬ್ಬ ಶಿಕ್ಷಕಿ ಎಂದಿಟ್ಟುಕೊಳ್ಳಿ. ಕೆಜಿಐಡಿ (ಸರ್ಕಾರಿ ನೌಕರರ ವಿಮೆ), ಎನ್‌ಪಿಎಸ್ (ಪಿಂಚಣಿ ಕಂತು), ವೃತ್ತಿ ತೆರಿಗೆ, ಸಾಮೂಹಿಕ ವಿಮೆ ಎಲ್ಲ ಬಿಲ್ಲಿನಲ್ಲೇ ಕಟಾವಣೆಯಾಗಿ ಕೈಗೆ ಬರುವುದು 44,000. ಮನೆ ಬಾಡಿಗೆ 8,000, ಸಾಲದ ಕಂತು 9,500, ಆರ್‌ಡಿ (ತಿಂಗಳ ಕಂತಿನ ಠೇವಣಿ) 3,000, ಮಗನ ಶಾಲೆ ವ್ಯಾನ್ 1,500, ಕರೆಂಟು, ಗ್ಯಾಸು, ಮೊಬೈಲ್ ಸೇರಿ 3,000. ಒಟ್ಟು 25,000. ಇದು ತಿಂಗಳಿಗೊಮ್ಮೆ ಹೋಗುವ ದುಡ್ಡು. ಇದನ್ನು ವಾರಕ್ಕೆ ಒಡೆಯುವ ಅಗತ್ಯವಿಲ್ಲ.

ಉಳಿದದ್ದು 19,000. ಎಲ್ಲರೂ ಇಲ್ಲೇ ನಾಲ್ಕರಿಂದ ಭಾಗಿಸಲು ಹೋಗುತ್ತಾರೆ. ತಡೆಯಿರಿ. ವರ್ಷಕ್ಕೊಮ್ಮೆ ಬಂದು ಹೊಡೆಯುವ ಖರ್ಚುಗಳಿವೆಯಲ್ಲ? ಜೂನ್‌ನಲ್ಲಿ ಶಾಲೆ ಫೀ, ಪುಸ್ತಕ, ಯೂನಿಫಾರ್ಮ್ 12,000. ಪಂಚಮಿಗೆ ಉಂಡಿ ಕಟ್ಟಬೇಕು, ನಾದಿನಿ ಬರುತ್ತಾಳೆ, ಅವಳಿಗೊಂದು ಇಳಕಲ್ ಸೀರೆ. ಆಮೇಲೆ ದೀಪಾವಳಿ. ಇವೆರಡಕ್ಕೂ ಸೇರಿ 10,000. ಸುಗ್ಗಿ ಮುಗಿದ ಮೇಲೆ ವರ್ಷದ ಜೋಳ ತುಂಬಿಸಲು 6,000. ಮದುವೆಗಳ ಆಯೇರ 5,000. ಬನಶಂಕರಿ ಜಾತ್ರೆ, ಬೈಕಿನ ವಿಮೆ ಸೇರಿ 3,000. ಕೂಡಿಸಿದರೆ 36,000, ತಿಂಗಳಿಗೆ 3,000. ಇದನ್ನು ಮೊದಲೇ ತೆಗೆದಿಡಬೇಕು. ಈಗ ಉಳಿದದ್ದು 16,000.

ಈಗಲಾದರೂ ನಾಲ್ಕರಿಂದ ಭಾಗಿಸಬಹುದಾ? ಇಲ್ಲ. ನಾನು ಮೊದಲ ಸಲ ಹಾಗೇ ಮಾಡಿದ್ದೆ, ಶನಿವಾರಕ್ಕೊಮ್ಮೆ ಬಟವಾಡೆ. ನಾಲ್ಕು ಶನಿವಾರ ಚೆನ್ನಾಗಿ ನಡೆಯಿತು. ಐದನೇ ಶನಿವಾರ ಬಂತು ನೋಡಿ, ಡಬ್ಬಿ ಖಾಲಿ. ತಿಂಗಳಿಗೆ ನಾಲ್ಕು ವಾರ ಎನ್ನುವುದು ಸುಳ್ಳು. ವರ್ಷಕ್ಕೆ 52 ವಾರ, ಹನ್ನೆರಡು ನಾಲ್ಕಲಿ 48. ಆ ನಾಲ್ಕು ವಾರ ಎಲ್ಲಿ ಹೋದವು ಎಂದು ಹುಡುಕುವಾಗಲೇ ನಾವು ಕೈಗಡಕ್ಕೆ ಕೈ ಚಾಚಿರುತ್ತೇವೆ.

ಸರಿಯಾದ ಲೆಕ್ಕ ಹೀಗಿದೆ. 16,000ವನ್ನು 12ರಿಂದ ಗುಣಿಸಿ, 1,92,000. ಅದನ್ನು 52ರಿಂದ ಭಾಗಿಸಿ, ಸುಮಾರು 3,692. ಕೆಳಗಿನ ನೂರಕ್ಕೆ ಇಳಿಸಿ, 3,600. ನಮ್ಮ ಶಿಕ್ಷಕಿಯ ವಾರದ ಪಗಾರ ಇದು.

ನಾಲ್ಕು ಶನಿವಾರ ಇರುವ ತಿಂಗಳಲ್ಲಿ 14,400 ಹೋಗಿ 1,600 ಉಳಿಯುತ್ತದೆ. ಐದು ಶನಿವಾರದ ತಿಂಗಳಲ್ಲಿ 18,000 ಬೇಕು, 2,000 ಕಡಿಮೆ ಬೀಳುತ್ತದೆ. 52 ಶನಿವಾರದ ವರ್ಷದಲ್ಲಿ ಎಂಟು ತಿಂಗಳು ನಾಲ್ಕರವು, ನಾಲ್ಕು ತಿಂಗಳು ಐದರವು. 12,800 ಉಳಿದು, 8,000 ಹೋಗಿ, ವರ್ಷದ ಕೊನೆಗೆ 4,800 ಮಿಕ್ಕುತ್ತದೆ. ಅಡುಗೆಮನೆ ಕ್ಯಾಲೆಂಡರಿನಲ್ಲಿ ಐದು ಶನಿವಾರದ ತಿಂಗಳುಗಳಿಗೆ ಕೆಂಪು ಗುರುತು ಹಾಕಿ.

ವಾರವೋ, ಹದಿನೈದು ದಿನವೋ?

ತರಕಾರಿಯನ್ನು ಸಂತೆಯಲ್ಲಿ ತರುವ ಮನೆಗೆ ವಾರವೇ ಸರಿ. ಬಟವಾಡೆ ದಿನ ನಿಮ್ಮೂರಿನ ಸಂತೆಯ ಹಿಂದಿನ ದಿನ ಇರಲಿ. ಜಮಖಂಡಿಯವರಿಗೆ ಒಂದು ದಿನ, ಮುಧೋಳದವರಿಗೆ ಇನ್ನೊಂದು ದಿನ ಆಗಬಹುದು, ಶನಿವಾರವೇ ಆಗಬೇಕೆಂದಿಲ್ಲ. ಕಿರಾಣಿಯನ್ನೆಲ್ಲ ಒಂದೇ ಅಂಗಡಿಯಲ್ಲಿ ಚೀಟಿ ಬರೆದು ತರಿಸುವ ಮನೆಗೆ ಹದಿನೈದು ದಿನ ಅನುಕೂಲ. ಆಗ 1 ಮತ್ತು 16ನೇ ತಾರೀಖು ಎಂದು ಇಟ್ಟುಕೊಂಡರೆ ವರ್ಷಕ್ಕೆ 24 ಕಂತು, ಲೆಕ್ಕ ಸುಲಭ. ಆದರೆ ನನ್ನ ಅನುಭವದಲ್ಲಿ ಹದಿನೈದು ದಿನದ ಹಣವೂ ಹತ್ತೇ ದಿನಕ್ಕೆ ಮುಗಿಯುತ್ತದೆ. ವಾರದ ಹಣ ಮುಗಿದರೆ ಎರಡು ದಿನ ಬೇಳೆ ಸಾರಿನಲ್ಲಿ ತಳ್ಳಬಹುದು. ಐದು ದಿನ ತಳ್ಳುವುದು ಕಷ್ಟ, ಅಲ್ವಾ?

ಹಂತ 4: ಎರಡನೇ ಖಾತೆ

ಪಗಾರ ಬರುವ ಖಾತೆಯ ಎಟಿಎಂ ಕಾರ್ಡನ್ನು ಮನೆಯಲ್ಲಿಡಿ. ಫೋನ್ ಪೇ, ಗೂಗಲ್ ಪೇಗಳಿಂದ ಆ ಖಾತೆಯನ್ನು ತೆಗೆದುಬಿಡಿ. ಇದು ಚಿಕ್ಕ ಮಾತು ಅನ್ನಿಸಬಹುದು, ಆದರೆ ಇದನ್ನು ಮಾಡದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಚಹಾದಂಗಡಿಯಲ್ಲಿ ಕೋಡ್ ಸ್ಕ್ಯಾನ್ ಮಾಡುವ ಕೈಗೆ 44,000 ಕಾಣಬಾರದು. 3,600 ಮಾತ್ರ ಕಾಣಬೇಕು.

ಖರ್ಚಿಗೆ ಬೇರೆ ಉಳಿತಾಯ ಖಾತೆ ತೆರೆಯಿರಿ. ಕನಿಷ್ಠ ಮೊತ್ತ ಇಡಬೇಕಿಲ್ಲದ ಮೂಲ ಉಳಿತಾಯ ಖಾತೆ ಬೇಕಿದ್ದರೆ ಬೇರೆ ಬ್ಯಾಂಕಿನಲ್ಲಿ ತೆರೆಯಿರಿ. ಒಂದೇ ಬ್ಯಾಂಕಿನಲ್ಲಿ ಅದರ ಜೊತೆ ಇನ್ನೊಂದು ಉಳಿತಾಯ ಖಾತೆ ಇಟ್ಟುಕೊಳ್ಳಲು ಬಿಡುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಖರ್ಚು ಮಾಡುವ ಮನೆಯಾದರೆ ಜಂಟಿ ಖಾತೆ ಒಳ್ಳೆಯದು.

ನಂತರ ಪಗಾರದ ಬ್ಯಾಂಕಿನ ಆ್ಯಪ್‌ನಲ್ಲಿ ವಾರಕ್ಕೊಮ್ಮೆ 3,600 ತಾನಾಗಿ ವರ್ಗವಾಗುವಂತೆ ಹಾಕಿ. ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಅಥವಾ ಶೆಡ್ಯೂಲ್ಡ್ ಟ್ರಾನ್ಸ್‌ಫರ್ ಎಂಬ ಹೆಸರಲ್ಲಿ ಇರುತ್ತದೆ. ಆ್ಯಪ್ ಗೊತ್ತಾಗದಿದ್ದರೆ ಶಾಖೆಗೆ ಹೋಗಿ ಅರ್ಜಿ ಬರೆದುಕೊಡಿ. ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳಿಸುವ ಎನ್‌ಇಎಫ್‌ಟಿ 2019ರ ಡಿಸೆಂಬರ್‌ನಿಂದ ದಿನದ 24 ಗಂಟೆಯೂ ನಡೆಯುತ್ತದೆ, ಹಾಗಾಗಿ ರಜಾದಿನದ ಚಿಂತೆ ಇಲ್ಲ. ವರ್ಷದ ಖರ್ಚಿನ 3,000ವನ್ನು ತಿಂಗಳಿಗೊಮ್ಮೆ ಬೇರೆ ಆರ್‌ಡಿಗೆ ಹಾಕಿ.

ಆ್ಯಪ್, ಆಟೋ ಎಲ್ಲ ಬೇಡ ಎನ್ನುವವರಿಗೆ ಐದು ಲಕೋಟೆ ಸಾಕು. ನಮ್ಮ ತಾಯಿ ಸಾಸಿವೆ ಡಬ್ಬಿಯಲ್ಲಿ ಮಾಡುತ್ತಿದ್ದದ್ದೂ ಇದೇ.

ಹಂತ 5: ಮೊದಲ ತಿಂಗಳ ಹಳ್ಳ

ಶುರು ಮಾಡುವ ತಿಂಗಳೇ ಕಷ್ಟ. ಯಾಕೆಂದರೆ ಹಿಂದಿನ ತಿಂಗಳ ಕಿರಾಣಿ ಉದ್ರಿ ತಲೆ ಮೇಲಿರುತ್ತದೆ. ಪಗಾರವಾದ ದಿನ ಅಂಗಡಿಗೆ ಹೋದರೆ ಸಾವುಕಾರರು ಪುಸ್ತಕ ತೆಗೆದು, “ಹೋದ ತಿಂಗಳದ್ದು ಆರ್ ಸಾವಿರದ ನಾನೂರ ಐತ್ರಿ ಸರ” ಅನ್ನುತ್ತಾರೆ. ಅದನ್ನು ಕೊಟ್ಟರೆ ಈ ತಿಂಗಳಿಗೆ ಮತ್ತೆ ಉದ್ರಿ. ಈ ಚಕ್ರ ವರ್ಷಗಟ್ಟಲೆ ತಿರುಗುತ್ತದೆ.

ಇದನ್ನು ಮುರಿಯಲು ಒಂದೇ ಸಲದ ದುಡ್ಡು ಬೇಕು. ನೌಕರರಿಗೆ ಅಂಥ ದುಡ್ಡು ಬರುವ ಬಾಗಿಲುಗಳಿವೆ. ವರ್ಷಕ್ಕೊಮ್ಮೆ 15 ದಿನದ ಗಳಿಕೆ ರಜೆ ನಗದು ಮಾಡಿಕೊಳ್ಳಬಹುದು. ಜನವರಿ, ಜುಲೈಯಿಂದ ಲೆಕ್ಕ ಹಾಕುವ ತುಟ್ಟಿಭತ್ಯೆಯ ಬಾಕಿ ಬರುತ್ತದೆ. ಬಡ್ಡಿ ಇಲ್ಲದ ಹಬ್ಬದ ಮುಂಗಡ ಇದೆ, ಅದನ್ನು ಕಂತಿನಲ್ಲಿ ಪಗಾರದಿಂದಲೇ ಹಿಡಿಯುತ್ತಾರೆ. ಇವುಗಳಲ್ಲಿ ನನಗೆ ಇಷ್ಟ ರಜೆ ನಗದೀಕರಣ. ಅದು ನಿಮ್ಮದೇ ದುಡ್ಡು, ಹಿಂದಿರುಗಿಸಬೇಕಿಲ್ಲ. ಟಿವಿ ಕೊಳ್ಳಬೇಡಿ. ಮೊದಲು ಉದ್ರಿ ತೀರಿಸಿ, ಉಳಿದದ್ದರಲ್ಲಿ ಎರಡು ವಾರದ ಮೊತ್ತ, ಅಂದರೆ ನಮ್ಮ ಲೆಕ್ಕದಲ್ಲಿ 7,200, ಪಗಾರದ ಖಾತೆಯಲ್ಲೇ ಮುಟ್ಟದೆ ಬಿಡಿ. ಪಗಾರ ತಡವಾದ ತಿಂಗಳು, ಐದು ಶನಿವಾರದ ತಿಂಗಳು, ಎರಡನ್ನೂ ಇದು ದಾಟಿಸುತ್ತದೆ.

ಅಂಗಡಿಯವರಿಗೂ ಹೇಳಿ, “ಇನ್ ಮ್ಯಾಲೆ ವಾರಕ್ಕೊಮ್ಮೆ ರೊಕ್ಕ ಕೊಡ್ತೀನ್ರಿ” ಎಂದು. ಕೈಯಲ್ಲಿ ರೊಕ್ಕ ಹಿಡಿದು ಕೇಳುವವನಿಗೆ ಎಣ್ಣೆ ಪ್ಯಾಕೆಟ್ ಮೇಲೆ ನಾಲ್ಕು ರೂಪಾಯಿ ಬಿಡುವುದು ಅವರಿಗೇನೂ ಭಾರವಲ್ಲ.

ಫೆಬ್ರವರಿಯನ್ನು ಮರೆಯಬೇಡಿ

ಸರ್ಕಾರಿ ಕಚೇರಿಯಲ್ಲಿ ಆದಾಯ ತೆರಿಗೆಯ ಹಾಳೆ ಮಾರ್ಚ್‌ನಿಂದ ಫೆಬ್ರವರಿವರೆಗೆ ಇರುತ್ತದೆ. ಮಾರ್ಚ್ ಪಗಾರ ಕೈಗೆ ಬರುವುದು ಏಪ್ರಿಲ್‌ನಲ್ಲಿ, ಅದಕ್ಕೆ ಅದು ಮುಂದಿನ ವರ್ಷದ ಲೆಕ್ಕಕ್ಕೆ ಹೋಗುತ್ತದೆ. ಹೀಗಾಗಿ ತೆರಿಗೆ ಬಾಕಿ ಇದ್ದರೆ ಜನವರಿ, ಫೆಬ್ರವರಿ ಬಿಲ್ಲುಗಳಲ್ಲಿ ಒಮ್ಮೆಲೇ ಹಿಡಿಯುತ್ತಾರೆ. 44,000 ಬರುವವರಿಗೆ 30,000 ಬಂದು ಮನೆಯಲ್ಲಿ ಗಲಾಟೆ ಆದದ್ದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ವೃತ್ತಿ ತೆರಿಗೆಯೂ ಈಗ ಹನ್ನೊಂದು ತಿಂಗಳು 200, ಫೆಬ್ರವರಿಗೆ ಮಾತ್ರ 300. ಅದು ಸಣ್ಣದು, ಬಿಡಿ.

ಪರಿಹಾರ ಸುಲಭ. ಏಪ್ರಿಲ್‌ನಲ್ಲೇ ನಿಮ್ಮ ವರ್ಷದ ತೆರಿಗೆ ಅಂದಾಜು ಮಾಡಿ, ತಿಂಗಳಿಗಿಷ್ಟು ಹಿಡಿಯಿರಿ ಎಂದು ಡಿಡಿಒಗೆ ಬರೆದುಕೊಡಿ. ಬಿಲ್ ಮಾಡುವವರಿಗೂ ಇದು ಹಗುರ. ಫೆಬ್ರವರಿಯಲ್ಲಿ ನಲವತ್ತು ಜನರ ಹಾಳೆ ಒಮ್ಮೆಲೇ ಬಂದು ಬಿದ್ದರೆ ತಪ್ಪಾಗುವುದೂ ಜಾಸ್ತಿ.

ಈ ಬಾಗಿಲು ತಟ್ಟಬೇಡಿ

“ಪಗಾರಕ್ಕೆ ಮೊದಲೇ ಪಗಾರ” ಎಂದು ಫೋನಿನಲ್ಲಿ ಬರುವ ಸಾಲದ ಆ್ಯಪ್‌ಗಳು. 5,000 ಕೊಟ್ಟು ಹದಿನೈದು ದಿನಕ್ಕೆ 300 ಶುಲ್ಕ ಎನ್ನುತ್ತಾರೆ ಎಂದುಕೊಳ್ಳಿ. ಮುನ್ನೂರೇ ತಾನೆ ಅನ್ನಿಸುತ್ತದೆ. ಅದು ಹದಿನೈದು ದಿನಕ್ಕೆ ನೂರಕ್ಕೆ 6, ವರ್ಷದ ಲೆಕ್ಕದಲ್ಲಿ ನೂರಕ್ಕೆ 146. ಊರಿನ ಮೀಟರ್ ಬಡ್ಡಿಯವನೂ ನಾಚಿಕೊಂಡಾನು. ಎಟಿಎಂ ಕಾರ್ಡನ್ನೇ ಒತ್ತೆ ಇಟ್ಟುಕೊಂಡು ಸಾಲ ಕೊಡುವವರೂ ಇದ್ದಾರೆ. ಕಾರ್ಡು, ಪಿನ್ ಕೊಟ್ಟರೆ ಪಗಾರ ನಿಮ್ಮದಲ್ಲ.

ಅನಿವಾರ್ಯವಾದರೆ ನಿಮ್ಮ ಇಲಾಖೆಯ ನೌಕರರ ಪತ್ತಿನ ಸಹಕಾರ ಸಂಘದಲ್ಲಿ ಕೇಳಿ. ಬಡ್ಡಿ ಕೇಳಿಕೊಂಡೇ ಸಹಿ ಹಾಕಿ. ಭಿಶಿ ಬಗ್ಗೆ ನನಗೆ ಎರಡು ಮನಸ್ಸು. ಹತ್ತು ಜನ ಸೇರಿ ತಿಂಗಳಿಗೆ ಎರಡು ಸಾವಿರ ಹಾಕಿ, ಒಬ್ಬೊಬ್ಬರು ಇಪ್ಪತ್ತು ಸಾವಿರ ಎತ್ತುವುದು ಒಳ್ಳೆಯ ಶಿಸ್ತು. ಆದರೆ ಎತ್ತಿದವನು ಮುಂದಿನ ತಿಂಗಳು ವರ್ಗವಾಗಿ ಕಲಬುರಗಿಗೆ ಹೋದರೆ? ಒಂದೇ ಕಚೇರಿಯ, ಹತ್ತಿರದ ಜನರಿದ್ದರೆ ಮಾತ್ರ ಸೇರಿ.

ಹೊರಗುತ್ತಿಗೆಯವರಿಗೆ ಒಂದು ಮಾತು

ಮೇಲಿನದ್ದೆಲ್ಲ ಪಗಾರ ತಪ್ಪದೆ ಬರುವವರ ಲೆಕ್ಕ. ಕಚೇರಿಯ ಡೇಟಾ ಎಂಟ್ರಿ ಹುಡುಗರು, ವಾಹನ ಚಾಲಕರು ಏಜೆನ್ಸಿ ಮೂಲಕ ಇರುತ್ತಾರೆ. ಎರಡು ಮೂರು ತಿಂಗಳು ಬಾರದೆ ಒಮ್ಮೆಲೇ ಬರುವುದು ಅವರಿಗೆ ರೂಢಿಯಾಗಿಬಿಟ್ಟಿದೆ. ಅದು ರೂಢಿ ಆಗಬಾರದು. ತಿಂಗಳ ಕೂಲಿಯನ್ನು ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೊಡಬೇಕು ಎಂದು 2019ರ ವೇತನ ಸಂಹಿತೆ ಹೇಳುತ್ತದೆ. ಏಜೆನ್ಸಿ ತಡ ಮಾಡಿದರೆ ಕಚೇರಿ ಮುಖ್ಯಸ್ಥರಿಗೆ ಒಂದು, ಕಾರ್ಮಿಕ ಇಲಾಖೆಗೆ ಒಂದು ಅರ್ಜಿ ಕೊಡಿ. ಒಬ್ಬರೇ ಬರೆಯಲು ಹೆದರಿಕೆ ಆದರೆ ಎಲ್ಲರೂ ಸೇರಿ ಸಹಿ ಹಾಕಿ. ದುಡ್ಡು ಒಟ್ಟಿಗೆ ಬಂದ ದಿನ ಅದನ್ನು ಪಗಾರ ಎಂದು ನೋಡದೆ, ಮುಂದಿನ ಹನ್ನೆರಡು ವಾರದ ಬಟವಾಡೆ ಎಂದು ಒಡೆದಿಡಿ.

ಸರ್ಕಾರವೇ ಬದಲಾಯಿಸಲಿ ಎನ್ನುವವರಿಗೆ

ಒಬ್ಬರೇ ಮುಖ್ಯಮಂತ್ರಿಗೆ ಪತ್ರ ಬರೆದರೆ ಅದು ಕಡತ ಸೇರುತ್ತದೆ. 1920ರಲ್ಲಿ ಹುಟ್ಟಿದ ರಾಜ್ಯ ಸರ್ಕಾರಿ ನೌಕರರ ಸಂಘಕ್ಕೆ ಜಿಲ್ಲೆ, ತಾಲೂಕು ಶಾಖೆಗಳಿವೆ. ಅವರ ಮೂಲಕ ಆರ್ಥಿಕ ಇಲಾಖೆಗೆ ಹೋಗಬೇಕು. ಬೆಳಗಾವಿ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುವಾಗ ಮಂತ್ರಿಗಳು ನಮ್ಮ ಕಡೆಗೇ ಬರುತ್ತಾರೆ. ಬೆಂಗಳೂರಿನ ಬಸ್ ಚಾರ್ಜ್ ಉಳಿಯಿತು.

“ತಿಂಗಳಿಗೆ ಎರಡು ಸಲ ಕೊಡಿ” ಎಂದಷ್ಟೇ ಬರೆದರೆ ಆಗಲ್ಲ. ಬಿಲ್ ಮಾಡುವವನಾಗಿ ನನಗೆ ಗೊತ್ತು, ಮೊದಲು ಬರುವ ತಕರಾರು “ಕೆಲಸ ಎರಡು ಪಟ್ಟು” ಎಂಬುದು. ಅದಕ್ಕೆ ಉತ್ತರ ಮನವಿಯಲ್ಲೇ ಇರಲಿ. 16ನೇ ತಾರೀಖು ಮೂಲ ವೇತನದ ಒಂದು ಭಾಗವನ್ನು ದುಂಡು ಮೊತ್ತದಲ್ಲಿ ಮುಂಗಡವಾಗಿ ಕೊಡುವುದು, ಎಲ್ಲ ಕಟಾವಣೆಗಳನ್ನೂ ತಿಂಗಳ ಕೊನೆಯ ಬಿಲ್ಲಿನಲ್ಲೇ ಹಿಡಿಯುವುದು. ಹಾಗಾದರೆ ಪೂರ್ತಿ ಬಿಲ್ ಒಂದೇ ಆಗುತ್ತದೆ. ಎರಡನೇ ತಕರಾರು ಸಂಬಳರಹಿತ ರಜೆಯದು. ಮುಂಗಡ ತೆಗೆದುಕೊಂಡವನು 17ರಿಂದ ರಜೆ ಹೋದರೆ ವಸೂಲಿ ಹೇಗೆ? ಮುಂದಿನ ಪಗಾರದಲ್ಲಿ ಹಿಡಿಯಿರಿ ಎಂದು ಒಪ್ಪಿಗೆ ಪತ್ರ ಮೊದಲೇ ಕೊಡಬಹುದು. ಮೂರನೆಯದು ಸರ್ಕಾರದ ಕೈಯಲ್ಲಿ ತಿಂಗಳ ನಡುವೆ ಅಷ್ಟು ನಗದು ಇರುತ್ತದೆಯೇ ಎಂಬುದು. ಅದಕ್ಕೆ ಎಲ್ಲರಿಗೂ ಬೇಡ, ಬೇಕೆಂದು ಬರೆದುಕೊಟ್ಟವರಿಗೆ ಮಾತ್ರ, ಮೊದಲು ಒಂದೆರಡು ಜಿಲ್ಲೆಗಳಲ್ಲಿ ಎಂದು ಕೇಳಿ. ಸಾಲ ಕೊಡುವ ಕಂಪನಿಗಳನ್ನು ನಡುವೆ ತರದೆ ಖಜಾನೆಯಿಂದಲೇ ಕೊಡಲಿ ಎಂದೂ ಸೇರಿಸಿ. ಇಲ್ಲದಿದ್ದರೆ ನಮ್ಮದೇ ಪಗಾರಕ್ಕೆ ನಾವೇ ಶುಲ್ಕ ಕೊಡಬೇಕಾದೀತು.

ಮನವಿಯನ್ನು ಎರಡು ಪುಟ ಮೀರದಂತೆ ಬರೆಯಿರಿ. ಟಪಾಲು ಶಾಖೆಯಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು, ತಾರೀಖು, ಸಂಖ್ಯೆ ಹಾಕಿಸಿಕೊಳ್ಳಿ. ತಿಂಗಳ ನಂತರ ವಿಚಾರಿಸಲು ಹೋದಾಗ “ಯಾವ ಅರ್ಜಿ?” ಎಂದು ಕೇಳಿದರೆ ತೋರಿಸಲು ಆ ಸಂಖ್ಯೆ ಬೇಕಾಗುತ್ತದೆ.